ಏಳಲಾರದವನ ಹೆಸರಿನ ಹಾಡು

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲ ಶುರುವಾಯಿತೆಂದರೆ ಕ್ಯಾಥೊಲಿಕ್ ಮಠಗಳ ರಾತ್ರಿಯ ಕೊನೆಯ ಪ್ರಾರ್ಥನೆಗೆ ಒಂದು ಲ್ಯಾಟಿನ್ ಹಾಡು ಬಂದು ಸೇರುತ್ತದೆ: ‘ಆಲ್ಮಾ ರೆದೆಂಪ್ತೋರಿಸ್ ಮಾತೆರ್’. ಇರುವುದು ಆರೇ ಸಾಲು. ಬಿದ್ದರೂ ಏಳಲು ಹೆಣಗುವ ಜನರಿಗೆ ಆಸರೆಯಾಗು ಎಂದು ಮೇರಿಮಾತೆಯನ್ನು ಬೇಡುವ ಹಾಡು. ಸಂಪ್ರದಾಯದಂತೆ ಫೆಬ್ರುವರಿ 2ರವರೆಗೂ ಇದರದ್ದೇ ಪಾಳಿ.

ಇದರ ಕರ್ತೃವೆಂದು ಪರಂಪರೆ ಹೆಸರಿಸುವ ಹರ್ಮನ್ ಮಾತ್ರ ತಾನಾಗಿ ಏಳಲಾರದವನು. ದಕ್ಷಿಣ ಜರ್ಮನಿಯ ಸಿರಿವಂತ ಮನೆತನದಲ್ಲಿ 1013ರಲ್ಲಿ ಹುಟ್ಟಿದ. ಬೋಡನ್ ಸರೋವರದ ರೈಖೆನಾವ್ ದ್ವೀಪದ ಬೆನೆಡಿಕ್ಟೀನ್ ಮಠದಲ್ಲಿ ಬಾಳಿದ. ಕೈಕಾಲು ಸೆಟೆದುಕೊಂಡಿದ್ದವು, ಮಗ್ಗುಲು ಬದಲಿಸಲೂ ಇನ್ನೊಬ್ಬರು ಬೇಕಿತ್ತು, ಮಾತು ತೊದಲು. ಇದನ್ನೆಲ್ಲ ಬರೆದಿಟ್ಟವನು ಶಿಷ್ಯ ಬರ್ತೋಲ್ಡ್. ಕುರ್ಚಿಯಲ್ಲಿ ಮುದುಡಿ ಕೂತೇ ಹರ್ಮನ್ ನಕ್ಷತ್ರಗಳನ್ನು ಅಳೆಯುವ ಆಸ್ಟ್ರೊಲೇಬ್ ಬಗ್ಗೆ ಬರೆದ, ಚಾಂದ್ರಮಾಸದ ಲೆಕ್ಕ ಹಾಕಿದ, ಕ್ರಿಸ್ತನ ಹುಟ್ಟಿನಿಂದ ತನ್ನ ಕಾಲದವರೆಗಿನ ಇತಿಹಾಸ ಬರೆದ. 1054ರಲ್ಲಿ ತೀರಿಕೊಂಡಾಗ ವಯಸ್ಸು 41.

ಅವನ ಸ್ವರಲಿಪಿಯೂ ಸೊಗಸಾದದ್ದು. ಸ್ವರದ ಹೆಸರನ್ನಲ್ಲ, ಹಿಂದಿನ ಸ್ವರದಿಂದ ಎಷ್ಟು ದೂರ ಹೋಗಬೇಕೆಂಬುದನ್ನು ಅಕ್ಷರದಲ್ಲಿ ಬರೆಯುತ್ತಿದ್ದ. ಅರ್ಧ ಸ್ವರಕ್ಕೆ ಒಂದಕ್ಷರ, ಪೂರ್ಣ ಸ್ವರಕ್ಕೆ ಇನ್ನೊಂದು. ಅಡಿಯಲ್ಲಿ ಚುಕ್ಕೆ ಇದ್ದರೆ ಇಳಿಯಬೇಕು.

ಹಾಡು ಅವನದೇ ಎನ್ನಲು ಗಟ್ಟಿ ಪುರಾವೆಯಿಲ್ಲವೆಂದು ಇಂದಿನ ವಿದ್ವಾಂಸರು ಅನುಮಾನಿಸುತ್ತಾರೆ. ಇರಲಿ. ಆ ಬೇಡಿಕೆ ಓದಿದವರಿಗೆ ಅವನನ್ನು ಬಿಟ್ಟು ಬೇರೆಯವರನ್ನು ಊಹಿಸಿಕೊಳ್ಳುವುದು ಕಷ್ಟ.

ಈ ಹಾಡಿಗೆ ಎರಡು ಧಾಟಿಗಳಿವೆ. ದೊಡ್ಡದರಲ್ಲಿ ಮೊದಲ ಅಕ್ಷರವೇ ಆಲಾಪದಂತೆ ಒಂದು ಸ್ಥಾಯಿ ಪೂರ್ತಿ ಏರುತ್ತದೆ. ಸಣ್ಣದು ಸರಳ, ಹೆಚ್ಚುಕಡಿಮೆ ಅಕ್ಷರಕ್ಕೊಂದು ಸ್ವರ. ದ್ಯುಫೇ, ಪ್ಯಾಲೆಸ್ಟ್ರೀನಾ, ವಿಕ್ಟೋರಿಯಾ ಇದೇ ಸಾಲುಗಳಿಗೆ ಬಹುಕಂಠದ ಸಂಗೀತ ಕಟ್ಟಿದರು. ಇಂಗ್ಲಿಷ್ ಕವಿ ಚಾಸರ್‌ನ ಕಥೆಯೊಂದರಲ್ಲಿ ಏಳು ವರ್ಷದ ಹುಡುಗ ಲ್ಯಾಟಿನ್ ಬಾರದಿದ್ದರೂ ಹಿರಿಯ ಸಹಪಾಠಿಯಿಂದ ಇದನ್ನು ಬಾಯಿಪಾಠ ಮಾಡುತ್ತಾನೆ.

1962–65ರ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಆರಾಧನೆ ಆಯಾ ನಾಡಿನ ನುಡಿಗೆ ಬಂತು. ಜನಕ್ಕೆ ಪ್ರಾರ್ಥನೆ ಅರ್ಥವಾಯಿತು, ಒಳ್ಳೆಯದೇ ಆಯಿತು. ಆದರೆ ಇಂಥ ಹಾಡುಗಳು ಊರಿನ ಇಗರ್ಜಿಗಳಿಂದ ಸರಿದು ಮಠಗಳಿಗೂ ಕಛೇರಿ ವೇದಿಕೆಗಳಿಗೂ ಸೀಮಿತವಾಗುತ್ತ ಬಂದವು. ರೈಖೆನಾವ್‌ಗೆ 2000ದಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ಹಾಡಿಗೆ ಅಂಥ ಕಾವಲಿಲ್ಲ. ಸಣ್ಣ ಧಾಟಿಯನ್ನಾದರೂ ಮಕ್ಕಳಿಗೆ ಕಲಿಸಿದರೆ, ದೊಡ್ಡದನ್ನು ಹುಡುಕಿಕೊಂಡು ಹೋಗುವವರು ಅವರಲ್ಲಿ ಒಬ್ಬಿಬ್ಬರಾದರೂ ಇದ್ದಾರು.