ಗೀಟು ಬೀಳದ ಹಾಳೆ

ಆರು ವರ್ಷದ ಹುಡುಗನೊಬ್ಬ ಮೇಜಿನ ಮುಂದೆ ಕೂತಿದ್ದಾನೆ. ಎದುರಿಗೆ ಚಿತ್ರದ ಕಾರ್ಡುಗಳು. ಥೆರಪಿಸ್ಟ್ ಒಂದು ಕೈಯಲ್ಲಿ ಕಾರ್ಡು ಹಿಡಿದು, ಇನ್ನೊಂದು ಕೈಯಿಂದ ಅವನ ಮೊಣಕೈಯನ್ನು ಮೆಲ್ಲಗೆ ಮುಂದಕ್ಕೆ ತರುತ್ತಿದ್ದಾರೆ. ಇದ್ದಕ್ಕಿದ್ದಂತೆ ಅವನು ತನ್ನ ಮುಂಗೈ ಕಚ್ಚಿಕೊಳ್ಳುತ್ತಾನೆ. ಕೈ ಬಿಡಿಸಬೇಕು, ಸಮಾಧಾನ ಮಾಡಬೇಕು, ಮತ್ತೆ ಕೂರಿಸಬೇಕು. ಅಷ್ಟರಲ್ಲಿ ಇನ್ನೊಮ್ಮೆ ಕಚ್ಚಿಕೊಂಡಾಗಿದೆ. ಪಕ್ಕದ ಕಪಾಟಿನ ಮೇಲೆ ರಟ್ಟಿಗೆ ಸಿಕ್ಕಿಸಿದ ಒಂದು ಹಾಳೆ. ಅದರಲ್ಲಿ ‘ಕೈ ಕಚ್ಚಿಕೊಳ್ಳುವುದು’ ಎಂಬ ಸಾಲಿನ ಮುಂದೆ ಎರಡು ಗೀಟು ಬೀಳಬೇಕಿತ್ತು. ಬೀಳಲಿಲ್ಲ. ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಸಂಜೆ ನಾಲ್ಕರ ಸುಮಾರಿಗೆ, ಆ ಜಾಗದಲ್ಲಿ ‘3’ ಎಂದು ಬರೆಯಲಾಗುತ್ತದೆ.

ಆಟಿಸಂ ಅಥವಾ ಬುದ್ಧಿಮಾಂದ್ಯತೆ ಇರುವ ಮಕ್ಕಳಿಗೆ ವರ್ತನಾ ವಿಶ್ಲೇಷಣೆಯ ವಿಧಾನದಲ್ಲಿ ಕಲಿಸುವ ಯಾವ ಊರಿನ ಕೇಂದ್ರದಲ್ಲಾದರೂ ಇಂಥ ಹಾಳೆ ಸಿಗುತ್ತದೆ. ಇಂಥ ಮಕ್ಕಳನ್ನು ಕರೆದೊಯ್ಯುವ ಸಂಸ್ಥೆಗಳೂ ಇವೆ. ತಿರುವನಂತಪುರದ ಶ್ರೀಕಾರ್ಯಂನಲ್ಲಿ ಆಕ್ಕುಳಂ ರಸ್ತೆಯ ಬದಿಗೆ ‘ನಿಷ್’ ಇದೆ. ಶ್ರವಣದೋಷವಿರುವ ಎಳೆಯ ಮಕ್ಕಳಿಗೆ ಮಾತು ಕಲಿಸಲು ಕೇರಳ ಸರ್ಕಾರದ ಮುತುವರ್ಜಿಯಿಂದ 1997ರಲ್ಲಿ ಶುರುವಾದ ಸಂಸ್ಥೆ. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೆ. ಇಂಥ ಕಡೆ ಬರುವ ತಂದೆತಾಯಿ ಕೇಳುವುದು ಒಂದೇ ಪ್ರಶ್ನೆ: ನಮ್ಮ ಮಗು ಸುಧಾರಿಸುತ್ತಿದೆಯಾ? ಅದಕ್ಕೆ ಪ್ರಾಮಾಣಿಕ ಉತ್ತರ ಸಿಗಬೇಕಾದದ್ದು ದಿನದಿನದ ಹಾಳೆಯಿಂದ. ಹಾಳೆ ಸುಳ್ಳಾದರೆ ಉತ್ತರವೂ ಸುಳ್ಳು.

ಅಂದಾಜಿನ ಮೂರರಿಂದ ಏನು ಕೆಡುತ್ತದೆ ಎನಿಸಬಹುದು. ಕೆಡುವುದು ಚಿಕಿತ್ಸೆಯೇ. ಮಗು ತನಗೆ ತಾನೇ ನೋವು ಮಾಡಿಕೊಳ್ಳುವುದಕ್ಕೆ ಕಾರಣ ಒಂದೇ ಇರುವುದಿಲ್ಲ ಎಂಬುದನ್ನು ಅಮೆರಿಕದ ಬ್ರಯನ್ ಇವಾಟಾ ಮತ್ತು ಸಂಗಡಿಗರು 1982ರಲ್ಲಿ ಪ್ರಯೋಗದಿಂದ ತೋರಿಸಿದರು. ಒಬ್ಬ ಕಚ್ಚಿಕೊಳ್ಳುವುದು ಕಷ್ಟದ ಪಾಠದಿಂದ ಬಿಡಿಸಿಕೊಳ್ಳಲು. ಇನ್ನೊಬ್ಬಳು ಯಾರಾದರೂ ತನ್ನತ್ತ ನೋಡಲಿ ಎಂದು. ಮತ್ತೊಬ್ಬನಿಗೆ ಅದರ ಸಂವೇದನೆಯೇ ಬೇಕು. ಮೂವರಿಗೂ ಚಿಕಿತ್ಸೆ ಬೇರೆ. ಪಾಠ ತಪ್ಪಿಸಿಕೊಳ್ಳಲು ಕಚ್ಚಿಕೊಳ್ಳುವವನನ್ನು ‘ಗಮನ ಕೊಡಬೇಡಿ’ ಎಂದು ಎಬ್ಬಿಸಿ ಮೂಲೆಯಲ್ಲಿ ಕೂರಿಸಿದರೆ ಅವನಿಗೆ ಬೇಕಾದದ್ದೇ ಸಿಕ್ಕಂತಾಯಿತು. ಯಾರು ಯಾವ ಬಗೆ ಎಂದು ತಿಳಿಯುವುದು ಯಾವಾಗ, ಯಾವುದರ ಹಿಂದೆ, ಎಷ್ಟು ಸಲ ಎಂದು ಆಗಿಂದಾಗಲೇ ಬರೆದಿಟ್ಟರೆ ಮಾತ್ರ. ಸಂಜೆಯ ನೆನಪಿನಲ್ಲಿ ಉಳಿಯುವುದು ದಿನದ ಅತಿ ಜೋರಿನ ಗಲಾಟೆಯೊಂದೇ.

ಇನ್ನೊಂದು ಸಂಗತಿ ತಂದೆತಾಯಿಗೆ ಗೊತ್ತಿರಬೇಕು. ಒಂದು ವರ್ತನೆಗೆ ಈವರೆಗೆ ಸಿಗುತ್ತಿದ್ದ ಫಲವನ್ನು ನಿಲ್ಲಿಸಿದಾಗ ಆ ವರ್ತನೆ ಎಷ್ಟೋ ಸಲ ಮೊದಲು ಏರಿ, ಆಮೇಲೆ ಇಳಿಯುತ್ತದೆ. ಏರುವ ಆ ನಾಲ್ಕಾರು ದಿನಗಳಲ್ಲೇ ಮನೆಯವರ ಧೈರ್ಯ ಉಡುಗುತ್ತದೆ. ಏರಿಕೆ ತಾತ್ಕಾಲಿಕವೋ, ಅಥವಾ ಹಿಡಿದ ದಾರಿಯೇ ತಪ್ಪಿ ಮಗುವಿಗೆ ಹಿಂಸೆಯಾಗುತ್ತಿದೆಯೋ ಎಂದು ಬೇರ್ಪಡಿಸಿ ಹೇಳಲು ಗೀಟುಗಳು ಬೇಕೇ ಬೇಕು. ಅಳು, ಬೇಡವೆಂದು ಮುಖ ತಿರುಗಿಸುವುದು, ಇವೂ ಅದೇ ಹಾಳೆಯಲ್ಲಿ ದಾಖಲಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮಾತು ಬಾರದ ಮಗುವಿನ ದೂರು ಬೇರೆಲ್ಲೂ ದಾಖಲಾಗುವುದಿಲ್ಲ.

ಭಾರತದಲ್ಲಿ ಈ ಕೆಲಸಕ್ಕೆ ಒಳ್ಳೆಯ ತಳಹದಿ ಇದೆ. ಸಿಕಂದರಾಬಾದಿನ ರಾಷ್ಟ್ರೀಯ ಬುದ್ಧಿಮಾಂದ್ಯರ ಸಂಸ್ಥೆಯಿಂದ ರೀಟಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ 1992ರಲ್ಲಿ ನಮ್ಮ ಮಕ್ಕಳಿಗೆಂದೇ ಒಂದು ವರ್ತನಾ ಮಾಪಕ ರೂಪಿಸಿದರು. ವೆಂಕಟೇಶನ್ ಮುಂದೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ಮಾಪಕದ ಮೊದಲ ಭಾಗದಲ್ಲಿ ಕಲಿಯಬೇಕಾದ 280 ಕೌಶಲಗಳಿವೆ. ಮಗು ತಾನೇ ಮಾಡಿದರೆ 5 ಅಂಕ, ಸುಳಿವು ಕೊಟ್ಟರೆ 4, ಬಾಯಲ್ಲಿ ಹೇಳಿಕೊಟ್ಟರೆ 3, ಕೈ ಹಿಡಿದು ಮಾಡಿಸಿದರೆ 2, ಪೂರ್ತಿ ಇನ್ನೊಬ್ಬರೇ ಮಾಡಬೇಕಾದರೆ 1. ಲೋಟ ಎತ್ತಿ ನೀರು ಕುಡಿಯುವುದರಲ್ಲಿ 2ರಿಂದ 3ಕ್ಕೆ ಬಂದ ಮಗು ಹೊರಗಿನವರ ಕಣ್ಣಿಗೆ ನಿನ್ನೆಯಂತೆಯೇ ಕಾಣುತ್ತದೆ. ಅದರ ತಾಯಿಗೆ ಮಾತ್ರ ಆ ಒಂದು ಅಂಕ ದೊಡ್ಡ ಸುದ್ದಿ. ತೊಂದರೆಯ ವರ್ತನೆಗಳ ಎರಡನೆಯ ಭಾಗದಲ್ಲಿ ‘ಎಂದೂ ಇಲ್ಲ’, ‘ಆಗಾಗ’, ‘ಪದೇಪದೇ’ ಎಂಬ ಮೂರೇ ದರ್ಜೆ. ಯಾವುದರ ಮೇಲೆ ಮೊದಲು ಕೆಲಸ ಮಾಡಬೇಕೆಂದು ಆರಿಸಿಕೊಳ್ಳಲು ಅದು ಸಾಕು. ಕೆಲಸ ಶುರುವಾದ ಮೇಲೆ ‘ಆಗಾಗ’ ಸಾಲದು; ಎಣಿಕೆಯೇ ಬೇಕು.

ಹಾಗಿದ್ದರೂ ಎಣಿಕೆ ಏಕೆ ನಡೆಯುವುದಿಲ್ಲ? ಸಿಬ್ಬಂದಿಗೆ ಶ್ರದ್ಧೆ ಇಲ್ಲ ಎಂದು ಮೇಲಿನವರು ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ವರ್ತನಾ ವಿಜ್ಞಾನ ಮಗುವಿನ ವಿಷಯದಲ್ಲಿ ‘ಹಠಮಾರಿ’ ಎನ್ನುವುದಿಲ್ಲ. ವರ್ತನೆಯ ಮುಂಚೆ ಏನಿತ್ತು, ಆಮೇಲೆ ಏನಾಯಿತು ಎಂದು ನೋಡುತ್ತದೆ. ಗೀಟು ಹಾಕುವುದೂ ಒಂದು ವರ್ತನೆ. ಅದನ್ನೂ ಹಾಗೆಯೇ ನೋಡೋಣ. ಪೆನ್ನು ಮೂರು ಹೆಜ್ಜೆ ದೂರದಲ್ಲಿದೆ. ಎರಡೂ ಕೈ ಮಗುವಿನ ಮೇಲಿವೆ. ಹಾಳೆಯಲ್ಲಿ ಹದಿನೆಂಟು ಸಾಲು. ‘ರಂಪ’ ಎಂದು ಬರೆದಿದೆ, ಆದರೆ ಎಷ್ಟು ಕೂಗಿದರೆ ರಂಪ ಎಂದು ಯಾರೂ ಹೇಳಿಲ್ಲ. ಗೀಟು ಹಾಕಿದರೆ ಏನಾಗುತ್ತದೆ? ಹಾಳೆ ಕಡತಕ್ಕೆ ಹೋಗುತ್ತದೆ, ಯಾರೂ ತೆರೆಯುವುದಿಲ್ಲ. ಹಾಕದಿದ್ದರೆ? ಅಂದು ಏನೂ ಆಗುವುದಿಲ್ಲ. ತಪಾಸಣೆಗೆ ಯಾರೋ ಬರುವ ಹಿಂದಿನ ದಿನ ಮಾತ್ರ ಬೈಗುಳ. ಇಂಥ ಏರ್ಪಾಟಿನಲ್ಲಿ ಯಾರ ಕೈಯಾದರೂ ಬರೆಯುವುದನ್ನು ನಿಲ್ಲಿಸುತ್ತದೆ.

ಸಾಮಾನ್ಯವಾಗಿ ಇದಕ್ಕೆ ಕೊಡುವ ಮದ್ದು ಒಂದು ದಿನದ ಕಾರ್ಯಾಗಾರ. ಅದರಿಂದ ಎಷ್ಟು ಪ್ರಯೋಜನ ಎಂದು ಪರೀಕ್ಷಿಸಿದವರಿದ್ದಾರೆ. ಬೆಳವಣಿಗೆಯ ಕುಂದುಳ್ಳವರ ವಸತಿ ಕೇಂದ್ರವೊಂದರ ಎಂಟು ಸಿಬ್ಬಂದಿಯ ಮೇಲೆ ಅಮೆರಿಕದಲ್ಲಿ ನಡೆದ ಈ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ತರಬೇತಿ ಮಾತ್ರ ಕೊಟ್ಟಾಗ ಹೆಚ್ಚಿನವರ ದಾಖಲೆ ಸರಿಹೋಗಲಿಲ್ಲ. ಮೇಲ್ವಿಚಾರಕರು ಕೆಲಸದ ಜಾಗಕ್ಕೇ ಬಂದು, ನೋಡಿ, ಅಲ್ಲಿಯೇ ಸರಿ ತಪ್ಪು ಹೇಳತೊಡಗಿದಾಗ ಎಂಟೂ ಜನರ ದಾಖಲೆ ಸುಧಾರಿಸಿತು. ಅಂದರೆ ಹೆಚ್ಚಿನವರಿಗೆ ಕೊರತೆಯಾಗಿದ್ದದ್ದು ತರಬೇತಿಯಲ್ಲ. ತಾವು ಬರೆದದ್ದನ್ನು ನೋಡುವವರು ಒಬ್ಬರಿರಬೇಕಿತ್ತು.

ಮೇಲ್ವಿಚಾರಕರು ಬಂದರೆ ಮುಗಿಯಿತು ಎನ್ನುವ ಹಾಗೂ ಇಲ್ಲ. ತಮ್ಮನ್ನು ಪರಿಶೀಲಿಸುತ್ತಿದ್ದಾರೆ ಎಂದು ತಿಳಿದಾಗ ವೀಕ್ಷಕರ ದಾಖಲೆ ಚೆನ್ನಾಗಿರುತ್ತದೆ, ಯಾರೂ ನೋಡುತ್ತಿಲ್ಲ ಎಂದಾಗ ಕೆಡುತ್ತದೆ ಎಂದು ಸಂಶೋಧಕ ಜಾನ್ ರೀಡ್ 1970ರಲ್ಲೇ ತೋರಿಸಿದ್ದರು. 1975ರಲ್ಲಿ ಓಲಿಯರಿ, ಕೆಂಟ್ ಮತ್ತು ಕಾನೊವಿಟ್ಸ್ ಎಂಬ ಸಂಶೋಧಕರು ಇನ್ನೂ ಗಂಭೀರವಾದ ಸಂಗತಿ ಕಂಡರು. ನಿರೀಕ್ಷಿಸಿದ ಫಲಿತಾಂಶಕ್ಕೆ ಹೊಂದುವ ಅಂಕಿ ಬಂದಾಗ ‘ಭೇಷ್’ ಎಂದು, ಹೊಂದದಿದ್ದಾಗ ಬೇಸರ ತೋರಿಸಿದರೆ, ವೀಕ್ಷಕರ ದಾಖಲೆಯೇ ಆ ಕಡೆ ವಾಲುತ್ತದೆ. ನಮ್ಮ ಕೇಂದ್ರಗಳು ಈ ಮಾತನ್ನು ಅಗತ್ಯವಾಗಿ ಕೇಳಿಸಿಕೊಳ್ಳಬೇಕು. ‘ಈ ವಾರ ಕಚ್ಚುವುದು ಕಡಿಮೆಯಾಗಿದೆ, ಒಳ್ಳೆಯ ಕೆಲಸ’ ಎಂದು ಥೆರಪಿಸ್ಟನ್ನು ಹೊಗಳಿದರೆ ಮುಂದಿನ ವಾರ ಅಂಕಿ ಇನ್ನೂ ಇಳಿಯುತ್ತದೆ, ಮಗು ಅಲ್ಲೇ ಇರುತ್ತದೆ. ಹೊಗಳಬೇಕಾದದ್ದು ಅಂಕಿ ಇಳಿದದ್ದನ್ನಲ್ಲ, ಸರಿಯಾಗಿ ಬರೆದದ್ದನ್ನು. ‘ಇವತ್ತು ಹದಿನಾಲ್ಕು ಸಲ’ ಎಂದು ನಿಜ ಬರೆದವರಿಗೂ ಅದೇ ಮೆಚ್ಚುಗೆ ಸಲ್ಲಬೇಕು.

ಸರಿಯೋ ಅಲ್ಲವೋ ಎಂದು ನೋಡುವುದು ಸುಲಭ. ಆಗೊಮ್ಮೆ ಈಗೊಮ್ಮೆ ಇಬ್ಬರು ಒಂದೇ ಹೊತ್ತಿನಲ್ಲಿ, ಒಬ್ಬರ ಹಾಳೆ ಇನ್ನೊಬ್ಬರು ನೋಡದೆ ಎಣಿಸುತ್ತಾರೆ. ಒಬ್ಬರಿಗೆ 8, ಇನ್ನೊಬ್ಬರಿಗೆ 10 ಬಂದರೆ ಚಿಕ್ಕದನ್ನು ದೊಡ್ಡದರಿಂದ ಭಾಗಿಸಿದಾಗ ಒಮ್ಮತ ಶೇ. 80. ಅದಕ್ಕಿಂತ ಕೆಳಗಿಳಿದರೆ ಮೊದಲು ಅನುಮಾನಿಸಬೇಕಾದದ್ದು ವ್ಯಾಖ್ಯೆಯನ್ನು. ‘ಹಲ್ಲು ಚರ್ಮಕ್ಕೆ ತಾಗಿದರೆ ಒಂದು ಸಲ, ತೆಗೆದು ಮತ್ತೆ ತಾಗಿಸಿದರೆ ಇನ್ನೊಂದು’ ಎಂದು ಬರೆದಿಟ್ಟರೆ ಅರ್ಧ ಜಗಳ ಕಳೆಯುತ್ತದೆ.

ಉಳಿದದ್ದು ಕೆಲಸವನ್ನು ಹಗುರ ಮಾಡುವುದು. ಹದಿನೆಂಟು ಸಾಲನ್ನು ಮೂರಕ್ಕೆ ಇಳಿಸಬಹುದು. ಪೆನ್ನಿನ ಬದಲು ಬೆರಳಿಗೆ ಹಾಕಿಕೊಳ್ಳುವ ಎಣಿಕೆ ಯಂತ್ರ ಸಾಕು. ಅದೂ ಇಲ್ಲದಿದ್ದರೆ ಒಂದು ಜೇಬಿನಿಂದ ಇನ್ನೊಂದಕ್ಕೆ ಹುಣಸೆಬೀಜ ಹಾಕುತ್ತ ಹೋಗಬಹುದು, ಲೆಕ್ಕ ತಪ್ಪುವುದಿಲ್ಲ. ಮಗು ಆಸನದಲ್ಲಿ ಕೂರುತ್ತದೆಯೇ ಎಂದು ಇಡೀ ದಿನ ಕಾಯಬೇಕಿಲ್ಲ; ಹತ್ತು ನಿಮಿಷಕ್ಕೊಮ್ಮೆ ಗಡಿಯಾರ ಕಂಪಿಸಿದಾಗ ತಲೆಯೆತ್ತಿ ನೋಡಿ ಹೌದು ಅಥವಾ ಇಲ್ಲ ಎಂದು ಬರೆದರಾಯಿತು. ಮೊಬೈಲ್ ಆ್ಯಪ್ ಬಂದರೆ ಎಲ್ಲ ಸರಿಯಾಗುತ್ತದೆ ಎನ್ನುವವರಿಗೆ 2010ರ ಒಂದು ಹೋಲಿಕೆಯ ಅಧ್ಯಯನ ನೆನಪಿಸಬೇಕು: ಪಾಠದ ನಡುವೆ ಬೇಗ ಆಗುವುದು ಕಾಗದ ಪೆನ್ನಿನಲ್ಲೇ, ಯಂತ್ರ ಗೆಲ್ಲುವುದು ಆಮೇಲೆ ಗ್ರಾಫ್ ಬರೆಯುವಾಗ. ಆ ಗ್ರಾಫ್ ಅಂದೇ ಆಗಬೇಕು, ಬರೆದವರ ಕಣ್ಣೆದುರಿಗೇ ಆಗಬೇಕು. ತಾನು ಹಾಕಿದ ಗೀಟಿನಿಂದ ಮಗುವಿನ ನಾಳಿನ ಪಾಠ ಬದಲಾಯಿತು ಎಂದು ಕಂಡವರಿಗೆ ಬೇರೆ ಒತ್ತಾಯ ಹೆಚ್ಚು ಬೇಕಾಗುವುದಿಲ್ಲ.

ಬುದ್ಧಿಮಾಂದ್ಯತೆ ಇರುವ ಮಕ್ಕಳಿಗಾಗಿ ಕೇರಳದ ಪಂಚಾಯಿತಿಗಳು ಮಹಿಳಾ ಸ್ವಸಹಾಯ ಜಾಲವಾದ ಕುಟುಂಬಶ್ರೀಯ ಜೊತೆಗೂಡಿ ನಡೆಸುವ ‘ಬಡ್ಸ್’ ಶಾಲೆಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಮೊದಲನೆಯದು 2004ರಲ್ಲಿ ತಿರುವನಂತಪುರ ಜಿಲ್ಲೆಯ ವೆಂಙಾನೂರಿನಲ್ಲಿ ತೆರೆಯಿತು. ಕಾಸರಗೋಡಿನ ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಎನ್ಮಕಜೆ, ಮುಳಿಯಾರಿನಂಥ ಪಂಚಾಯಿತಿಗಳ ಮಕ್ಕಳೂ ಇಂಥ ಶಾಲೆಗಳಿಗೇ ಹೋಗುತ್ತಾರೆ. ಅಲ್ಲಿನ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ತುಳು. ಶಾಲೆಯ ಹೊತ್ತು ಕೆಲವೇ ಗಂಟೆ. ಮಿಕ್ಕ ಹೊತ್ತಿನ ಗೀಟು ಹಾಕಬೇಕಾದವರು ಅಮ್ಮ, ಅಜ್ಜಿ. ಅವರ ಕೈಗೆ ಕೊಡುವ ಹಾಳೆ ಮನೆಮಾತಿನಲ್ಲಿರಲಿ, ಒಂದೇ ಸಾಲಿನದಾಗಿರಲಿ. ಮರುದಿನ ಬೆಳಿಗ್ಗೆ ಮಗುವನ್ನು ಬಿಡಲು ಬಂದಾಗ ಟೀಚರು ಅದನ್ನು ಅವರ ಮುಂದೆಯೇ ಬಿಡಿಸಿ ಓದಲಿ, ‘ರಾತ್ರಿ ಊಟದ ಹೊತ್ತಿಗೆ ಯಾಕೆ ಜಾಸ್ತಿಯಾಯಿತು ಅಮ್ಮ?’ ಎಂದು ಕೇಳಲಿ.