ತಾಳಿದ ತೋಳು

ಮನುಷ್ಯನ ಬಾಳಿನಲ್ಲಿ ಮೂವತ್ತು ವರ್ಷವೆಂಬುದು ಏರುಜವ್ವನದ ಕಾಲ. ವೈದ್ಯನಿಗೆ, ಉಪಾಧ್ಯಾಯನಿಗೆ, ಕೃಷಿಕನಿಗೆ ಆ ವಯಸ್ಸಿನಲ್ಲಿ ಕೆಲಸದ ಮರ್ಮ ಆಗತಾನೆ ತಿಳಿಯತೊಡಗಿರುತ್ತದೆ. ಯಕ್ಷಗಾನದ ಅರ್ಥಧಾರಿಯ ಮಾತಿಗೆ ಹದ ಬರುವುದು ಐವತ್ತು ದಾಟಿದ ಮೇಲೆ ಎಂದು ಹೇಳುವವರೂ ಉಂಟು. ಆದರೆ ಆಟದ ಮೈದಾನದ ಲೆಕ್ಕವೇ ಬೇರೆ. ಅಲ್ಲಿ ಮೂವತ್ತು ಮುಟ್ಟಿದವನನ್ನು ಜನ ಸಂದೇಹದಿಂದ ನೋಡುತ್ತಾರೆ. ಮೂವತ್ತೈದು ಮುಟ್ಟಿದವನನ್ನು ಮುದುಕನೆಂದೇ ಕರೆಯುತ್ತಾರೆ. ಚೆಂಡನ್ನು ಎಸೆಯುವ ಆಟಗಾರನ ಪಾಡಂತೂ ಇನ್ನೂ ಕಠಿನ. ಅವನ ಬಾಳೆಲ್ಲ ಒಂದು ತೋಳಿನ ಮೇಲೆ ನಿಂತಿರುತ್ತದೆ. ಆ ತೋಳು ಮೂವತ್ತರ ವಯಸ್ಸಿನಲ್ಲಿ ಕೆಟ್ಟರೆ ಅವನು ಮಾಡುವುದೇನು? ಈ ಪ್ರಶ್ನೆಗೆ ನಮ್ಮ ನಾಡಿನ ಒಬ್ಬ ಆಟಗಾರರು ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟಿದ್ದಾರೆ. ಅವರೇ ಅನಿಲ್ ಕುಂಬ್ಳೆ.

ಅವರ ಹೆಸರಿನಲ್ಲಿರುವ ಊರು ನಮ್ಮ ಅಳದಂಗಡಿಗೆ ತೀರ ದೂರದ್ದೇನೂ ಅಲ್ಲ. ಬೆಳ್ತಂಗಡಿಯ ಘಟ್ಟದ ತಪ್ಪಲಿನಿಂದ ಮಂಗಳೂರಿಗೆ ಇಳಿದು, ಕಡಲ ತೀರವನ್ನೇ ಹಿಡಿದು ತೆಂಕು ದಿಕ್ಕಿಗೆ ಹೋದರೆ ಕಾಸರಗೋಡು ಜಿಲ್ಲೆಯ ಕುಂಬಳೆ ಸಿಗುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನೊಡನೆ ನಾವು ನೆನೆಯುವ ಊರು ಅದು. ಆ ಊರಿನ ಮೂಲದ ಮನೆತನದಲ್ಲಿ, 1970ರ ಅಕ್ಟೋಬರ್ 17ರಂದು ಬೆಂಗಳೂರಿನಲ್ಲಿ ಅನಿಲ್ ಕುಂಬ್ಳೆ ಹುಟ್ಟಿದರು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದರು. ಮುಂದೆ ಯಂತ್ರಶಾಸ್ತ್ರದಲ್ಲಿ ಎಂಜಿನಿಯರಿಂಗ್ ಪದವಿ ಪಡೆದರು. 1990ರ ಆಗಸ್ಟ್ ತಿಂಗಳಿನಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ ಭಾರತದ ಪರವಾಗಿ ಮೊದಲ ಟೆಸ್ಟ್ ಪಂದ್ಯವನ್ನಾಡಿದರು.

ಅವರು ಲೆಗ್‌ಸ್ಪಿನ್ ಬೌಲರ್. ಆದರೆ ಆ ವರ್ಗದ ಇತರರಂತಲ್ಲ. ಸಾಮಾನ್ಯವಾಗಿ ಲೆಗ್‌ಸ್ಪಿನ್ ಬೌಲರ್ ಚೆಂಡನ್ನು ನಿಧಾನವಾಗಿ ಗಾಳಿಯಲ್ಲಿ ತೇಲಿಸಿ, ನೆಲಕ್ಕೆ ತಗುಲಿದಾಗ ಬಹಳವಾಗಿ ತಿರುಗಿಸುತ್ತಾನೆ. ಕುಂಬ್ಳೆಯವರದು ಎತ್ತರದ ನಿಲುವು. ತೋಳನ್ನು ನೆಟ್ಟಗೆ ಮೇಲೆತ್ತಿ, ವೇಗವಾಗಿ ಎಸೆಯುವ ರೀತಿ. ಚೆಂಡು ಹೆಚ್ಚು ತಿರುಗದಿದ್ದರೂ ಪುಟಿದು ಮೇಲೇಳುತ್ತಿತ್ತು, ಗುರಿ ತಪ್ಪುತ್ತಿರಲಿಲ್ಲ. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಅವರು ಪಾಕಿಸ್ತಾನದ ಹತ್ತು ಮಂದಿ ದಾಂಡಿಗರನ್ನೂ ಒಂದೇ ಸರದಿಯಲ್ಲಿ 74 ಓಟಗಳಿಗೆ ಹೊರಹಾಕಿದರು. ಅದಕ್ಕೆ ಮುನ್ನ ಟೆಸ್ಟ್ ಕ್ರಿಕೆಟ್ಟಿನಲ್ಲಿ ಆ ಸಾಧನೆ ಮಾಡಿದ್ದವರು ಇಂಗ್ಲೆಂಡಿನ ಜಿಮ್ ಲೇಕರ್ ಒಬ್ಬರೇ, ಅದೂ 1956ರಲ್ಲಿ. ಕೀರ್ತಿ ಹೀಗೆ ಶಿಖರವನ್ನು ಮುಟ್ಟಿದ ಮೇಲೆ, ಎರಡು ವರ್ಷ ತುಂಬುವುದರೊಳಗಾಗಿ ಅವರ ಬಲಭುಜ ಕೆಟ್ಟಿತು.

ಭುಜವೇಕೆ ಕೆಡುತ್ತದೆಂಬುದನ್ನು ತಿಳಿಯಬೇಕಾದರೆ ಅದರ ರಚನೆಯನ್ನು ಸ್ವಲ್ಪ ಅರಿತಿರಬೇಕು. ನಮ್ಮ ಸೊಂಟದ ಕೀಲೂ ಭುಜದ ಕೀಲೂ ಒಂದೇ ಜಾತಿಯವು: ಬಟ್ಟಲಿನಲ್ಲಿ ಗುಂಡನ್ನಿಟ್ಟಂತೆ ಇರುವ ಕೀಲುಗಳು. ಸೊಂಟದಲ್ಲಿ ಆ ಬಟ್ಟಲು ಆಳವಾಗಿದೆ. ಆದುದರಿಂದ ಮೂಳೆ ಭದ್ರವಾಗಿ ಕುಳಿತಿರುತ್ತದೆ. ಭುಜದಲ್ಲಿಯಾದರೋ ಬಟ್ಟಲು ತಟ್ಟೆಯಷ್ಟೇ ತೆಳು. ತೋಳಿನ ಮೂಳೆಯ ದೊಡ್ಡ ಗುಂಡು ಆ ತಟ್ಟೆಯ ಮೇಲೆ ಒರಗಿ ನಿಂತಿರುತ್ತದೆ. ಈ ಕಾರಣದಿಂದಲೇ ತೋಳನ್ನು ನಾವು ಎಲ್ಲ ಕಡೆಗೂ ತಿರುಗಿಸಬಲ್ಲೆವು. ಈ ಕಾರಣದಿಂದಲೇ ಅದು ಸುಲಭವಾಗಿ ಕೆಡುತ್ತದೆ. ಗುಂಡು ಜಾರದಂತೆ ಹಿಡಿದಿಡುವ ಹೊಣೆ ಅದನ್ನು ಸುತ್ತುವರಿದ ನಾಲ್ಕು ಸಣ್ಣ ಸ್ನಾಯುಗಳದ್ದು. ಪ್ರತಿಯೊಂದು ಎಸೆತದಲ್ಲಿಯೂ ತೋಳು ರಭಸದಿಂದ ಮುಂದಕ್ಕೆ ಬೀಸಿ ಹೋಗುವಾಗ, ಅದನ್ನು ಹಿಂದಕ್ಕೆ ಜಗ್ಗಿ ನಿಲ್ಲಿಸುವುದರಲ್ಲಿ ಈ ಸ್ನಾಯುಗಳು ಪಾಲುಗೊಳ್ಳುತ್ತವೆ. ಅವುಗಳನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುಗಳಿಗೆ ರಕ್ತದ ಹರಿವು ಕಡಿಮೆ. ಆದ್ದರಿಂದ ಅವು ಹರಿದರೆ ಕೂಡುವುದು ನಿಧಾನ. ವಯಸ್ಸು ಏರಿದಂತೆ ಇನ್ನೂ ನಿಧಾನ. ಕುಂಬ್ಳೆಯವರು ತಮ್ಮ ಬಾಳಿನಲ್ಲಿ ಟೆಸ್ಟ್ ಪಂದ್ಯಗಳಲ್ಲಿಯೇ 40,850 ಎಸೆತಗಳನ್ನು ಹಾಕಿದರು. ಬಾವಿಯ ಹಗ್ಗ ರಾಟೆಯ ಮೇಲೆ ಹರಿದು ಹರಿದು ಎಳೆಯೆಳೆಯಾಗಿ ಸವೆಯುವಂತೆ ಬೌಲರನ ಭುಜವೂ ಸವೆಯುತ್ತದೆ.

2000ದ ಕೊನೆಯ ಭಾಗದಲ್ಲಿ ಅವರು ತಂಡದಿಂದ ಹೊರಗುಳಿಯಬೇಕಾಯಿತು. 2001ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಆಗ ಅವರಿಗೆ ಮೂವತ್ತು ವರ್ಷ. ಅದೇ ಮಾರ್ಚ್ ತಿಂಗಳಿನಲ್ಲಿ ಆಸ್ಟ್ರೇಲಿಯದ ತಂಡ ಭಾರತಕ್ಕೆ ಬಂದಿತ್ತು. ಕುಂಬ್ಳೆಯವರಿಲ್ಲದ ಆ ಸರಣಿಯಲ್ಲಿ ಇಪ್ಪತ್ತರ ತರುಣ ಹರಭಜನ್ ಸಿಂಗ್ ಮೂರೇ ಟೆಸ್ಟುಗಳಲ್ಲಿ 32 ವಿಕೆಟ್ ಪಡೆದು ಭಾರತವನ್ನು ಗೆಲ್ಲಿಸಿದರು. ದೇಶವೇ ಆ ಗೆಲುವನ್ನು ಕೊಂಡಾಡಿತು. ಅದು ಸಹಜವೇ. ಆದರೆ ಪೀಠವೊಂದು ಬರಿದಾದರೆ ಲೋಕ ಅದನ್ನು ಬರಿದಾಗಿಯೇ ಇಡುವುದಿಲ್ಲವೆಂಬ ಸತ್ಯವೂ ಅದರಲ್ಲಿತ್ತು. ಭುಜ ಗುಣವಾದ ಮೇಲೆ ಮರಳಿ ಬರುವವನಿಗೆ ತನ್ನ ಹಳೆಯ ಸ್ಥಾನ ಕಾದಿರುತ್ತದೆಂಬ ಭರವಸೆ ಇರಲಿಲ್ಲ.

ಶಸ್ತ್ರಚಿಕಿತ್ಸೆಯೆಂದರೆ ಚೇತರಿಕೆಯ ಮೊದಲ ಮೆಟ್ಟಿಲು ಮಾತ್ರ. ವೈದ್ಯನು ಕೆಲವು ಗಂಟೆಗಳಲ್ಲಿ ತನ್ನ ಕೆಲಸ ಮುಗಿಸುತ್ತಾನೆ. ಉಳಿದ ತಿಂಗಳುಗಳ ಕೆಲಸ ರೋಗಿಯದು. ಇಂಥ ಚಿಕಿತ್ಸೆಯಾದ ತೋಳನ್ನು ಮೊದಲು ಜೋಳಿಗೆಯಲ್ಲಿಟ್ಟು ವಿಶ್ರಾಂತಿ ಕೊಡಬೇಕು. ಆಮೇಲೆ ಇನ್ನೊಬ್ಬರ ಸಹಾಯದಿಂದ ಮೆಲ್ಲಗೆ ಆಡಿಸಬೇಕು. ಅನಂತರ ತಾನಾಗಿಯೇ ಎತ್ತಬೇಕು. ಆ ಮೇಲೆ ಸಣ್ಣ ಭಾರವನ್ನು ಹಿಡಿದು ಎತ್ತಬೇಕು. ಚೆಂಡನ್ನು ಕೈಗೆ ತೆಗೆದುಕೊಳ್ಳಲು ತಿಂಗಳುಗಳೇ ಬೇಕು. ಸಾವಿರ ಮಂದಿಯ ಚಪ್ಪಾಳೆಗೆ ಒಗ್ಗಿದವನು ಯಾರೂ ನೋಡದ ಕೋಣೆಯಲ್ಲಿ, ಮಗುವೂ ಮಾಡಬಹುದಾದ ಚಲನೆಯನ್ನು ದಿನಕ್ಕೆ ನೂರು ಸಲ ಮಾಡಬೇಕು. ಅವಸರಪಟ್ಟರೆ ಕಟ್ಟಿದ್ದು ಮತ್ತೆ ಹರಿಯುತ್ತದೆ. ಆಲಸ್ಯ ಮಾಡಿದರೆ ಕೀಲು ಬಿಗಿದುಕೊಳ್ಳುತ್ತದೆ. ಇವೆರಡರ ನಡುವಿನ ಕಿರುದಾರಿಯೇ ತಾಳ್ಮೆ.

ಕ್ರಿಕೆಟ್ಟನ್ನು ಹೋಲುವ ಬೇಸ್‌ಬಾಲ್ ಎಂಬ ಆಟ ಅಮೆರಿಕದಲ್ಲಿ ಜನಪ್ರಿಯವಾಗಿದೆ. ಅಲ್ಲಿ ಚೆಂಡೆಸೆಯುವವನನ್ನು ಪಿಚರ್ ಎನ್ನುತ್ತಾರೆ. 1974ರಲ್ಲಿ ಟಾಮಿ ಜಾನ್ ಎಂಬ ಪಿಚರನ ಎಡ ಮೊಣಕೈಯೊಳಗಿನ ಕಟ್ಟು ಹರಿಯಿತು. ಅಂದಿನವರೆಗೆ ಹಾಗಾದವರ ಆಟ ಅಲ್ಲಿಗೇ ಮುಗಿಯುತ್ತಿತ್ತು. ಫ್ರಾಂಕ್ ಜೋಬ್ ಎಂಬ ವೈದ್ಯರು ಆತನ ಬಲ ಮುಂಗೈಯಿಂದ ಒಂದು ಸ್ನಾಯುರಜ್ಜುವನ್ನು ತೆಗೆದು ಎಡ ಮೊಣಕೈಗೆ ಕಸಿ ಮಾಡಿದರು. 1975ರ ಋತುವಿಡೀ ಆತ ಆಡಲಿಲ್ಲ. 1976ರಲ್ಲಿ ಮರಳಿದವನು 1989ರವರೆಗೆ, ತನ್ನ ನಲವತ್ತಾರನೆಯ ವಯಸ್ಸಿನವರೆಗೆ ಆಡಿದ. ಆತ ಪಡೆದ 288 ಗೆಲುವುಗಳಲ್ಲಿ 164 ಶಸ್ತ್ರಚಿಕಿತ್ಸೆಯ ಅನಂತರದವು. ಆ ಚಿಕಿತ್ಸೆಯನ್ನು ಇಂದಿಗೂ ಆತನ ಹೆಸರಿನಿಂದಲೇ ಕರೆಯುತ್ತಾರೆ.

ಕುಂಬ್ಳೆಯವರ ಲೆಕ್ಕವೂ ಇದನ್ನೇ ಹೋಲುತ್ತದೆ. 2001ರ ಕೊನೆಯ ಭಾಗದಲ್ಲಿ ಅವರು ಮೈದಾನಕ್ಕೆ ಮರಳಿದರು. ಆ ಡಿಸೆಂಬರಿನಲ್ಲಿ ತಮ್ಮ ಊರಾದ ಬೆಂಗಳೂರಿನಲ್ಲಿಯೇ 300ನೆಯ ಟೆಸ್ಟ್ ವಿಕೆಟ್ಟನ್ನು ಪಡೆದರು. ಅವರ ಒಟ್ಟು ವಿಕೆಟ್ಟುಗಳು 619. ಎಂದರೆ, ಉಳಿದ 319 ವಿಕೆಟ್ಟುಗಳನ್ನು ಮೂವತ್ತೊಂದು ತುಂಬಿದ ಮೇಲೆ, ಹೊಲಿದು ಕಟ್ಟಿದ ಭುಜದಿಂದ ಸಂಪಾದಿಸಿದರು. ಬಾಳಿನ ದೊಡ್ಡ ಅರ್ಧ ಗಾಯದ ಆಚೆಯ ದಡದಲ್ಲಿತ್ತು.

ಆದರೆ ಮರಳಿದವರು ಹೋದವರಂತೆಯೇ ಇರಲಿಲ್ಲವೆಂಬುದನ್ನು ಗಮನಿಸಬೇಕು. 2003ರ ಕೊನೆಯಲ್ಲಿ ಭಾರತ ತಂಡ ಆಸ್ಟ್ರೇಲಿಯಕ್ಕೆ ಹೋದಾಗ ಮೊದಲ ಟೆಸ್ಟಿನಲ್ಲಿ ಅವರಿಗೆ ಸ್ಥಾನ ದೊರೆಯಲಿಲ್ಲ. ವಿದೇಶದ ಗಟ್ಟಿ ನೆಲದಲ್ಲಿ ಅವರ ಬೌಲಿಂಗ್ ನಡೆಯದೆಂಬ ಮಾತು ಆಗ ಬಹುವಾಗಿ ಕೇಳಿಬರುತ್ತಿತ್ತು. ಹರಭಜನ್ ಸಿಂಗರ ಬೆರಳಿಗೆ ನೋವಾದುದರಿಂದ ಎರಡನೆಯ ಟೆಸ್ಟಿನಲ್ಲಿ ಅವಕಾಶ ಬಂದಿತು. ಉಳಿದ ಮೂರು ಪಂದ್ಯಗಳಲ್ಲಿ ಕುಂಬ್ಳೆಯವರು 24 ವಿಕೆಟ್ ಪಡೆದರು. ಸಿಡ್ನಿಯ ಒಂದು ಸರದಿಯಲ್ಲಿ 141 ಓಟಗಳಿಗೆ 8 ವಿಕೆಟ್ ಉರುಳಿಸಿದರು. ಇದು ಸಾಧ್ಯವಾದದ್ದು ಬರಿಯ ಬಲದಿಂದಲ್ಲ. ಮೊದಲಿನ ಏಕವೇಗವನ್ನು ಬಿಟ್ಟು ಅವರು ವೇಗವನ್ನು ಏರಿಸಿ ಇಳಿಸಿ ಎಸೆಯತೊಡಗಿದ್ದರು. ಲೆಗ್‌ಸ್ಪಿನ್ನಿನ ಕೈಚಳಕವನ್ನೇ ತೋರಿಸಿ ಚೆಂಡನ್ನು ಎದುರುದಿಕ್ಕಿಗೆ ತಿರುಗಿಸುವ ಗೂಗ್ಲಿಯನ್ನು ಇನ್ನೂ ನಿಧಾನವಾಗಿ, ಹೊಸ ರೀತಿಯಲ್ಲಿ ಹಾಕಲು ಕಲಿತಿದ್ದರು. ಹತ್ತಕ್ಕೆ ಹತ್ತು ವಿಕೆಟ್ ಪಡೆದವರು ಮತ್ತೆ ವಿದ್ಯಾರ್ಥಿಯಾದರು. ಗಾಯ ಕಿತ್ತುಕೊಂಡದ್ದನ್ನು ಕಲಿಕೆ ತುಂಬಿಕೊಟ್ಟಿತು.

ಮುಂದಿನ ವರ್ಷಗಳು ಆ ಕಲಿಕೆಯ ಫಲಗಳು. 2004ರ ಡಿಸೆಂಬರಿನಲ್ಲಿ ಢಾಕಾದಲ್ಲಿ ಅವರು ಕಪಿಲ್ ದೇವರ 434 ವಿಕೆಟ್ಟುಗಳ ದಾಖಲೆಯನ್ನು ದಾಟಿದರು. 2006ರ ಮಾರ್ಚಿನಲ್ಲಿ ಮೊಹಾಲಿಯಲ್ಲಿ 500ನೆಯ ವಿಕೆಟ್ ಬಂದಿತು. ಆ ವರ್ಷವೇ ವೆಸ್ಟ್ ಇಂಡೀಸಿನ ಜಮೈಕದಲ್ಲಿ 78 ಓಟಗಳಿಗೆ 6 ವಿಕೆಟ್ ಪಡೆದಾಗ, ಆ ನೆಲದಲ್ಲಿ 1971ರ ಅನಂತರ ಭಾರತಕ್ಕೆ ಮೊದಲ ಸರಣಿ ಜಯ ದೊರೆಯಿತು. 2007ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ, ತಮ್ಮ 118ನೆಯ ಟೆಸ್ಟಿನಲ್ಲಿ, ದಾಂಡು ಹಿಡಿದು ಮೊದಲ ಶತಕವನ್ನೂ ಬಾರಿಸಿದರು. ಅದೇ ವರ್ಷ ಮೂವತ್ತೇಳರ ವಯಸ್ಸಿನಲ್ಲಿ ಭಾರತದ ನಾಯಕರಾದರು. 2008ರ ಜನವರಿಯಲ್ಲಿ ಪರ್ತಿನಲ್ಲಿ 600ನೆಯ ವಿಕೆಟ್ ಪಡೆದರು.

ಕುಂಬ್ಳೆಯವರೆಂದೊಡನೆ ಜನ ಇನ್ನೊಂದು ಚಿತ್ರವನ್ನು ನೆನೆಯುತ್ತಾರೆ. 2002ರ ಮೇ ತಿಂಗಳಿನಲ್ಲಿ ಆಂಟಿಗಾದಲ್ಲಿ ವೇಗದ ಚೆಂಡೊಂದು ಬಡಿದು ಅವರ ದವಡೆ ಮುರಿಯಿತು. ತಲೆಗೂ ದವಡೆಗೂ ಪಟ್ಟಿ ಸುತ್ತಿಕೊಂಡು ಬಂದು ಅವರು ಎಡೆಬಿಡದೆ 14 ಓವರುಗಳನ್ನು ಹಾಕಿದರು; ಬ್ರಯನ್ ಲಾರಾ ಎಂಬ ಮಹಾದಾಂಡಿಗನನ್ನು ಔಟ್ ಮಾಡಿದರು. ಆ ಕೆಚ್ಚು ದೊಡ್ಡದೇ ಸರಿ. ಆದರೆ ವಿದ್ಯಾರ್ಥಿಗಳು ಒಂದು ವಿವೇಕವನ್ನು ಮರೆಯಬಾರದು. ಆಂಟಿಗಾದ ಧೈರ್ಯ ಒಂದು ದಿನದ್ದು. ಅದಾದ ಮೇಲೆ ಅವರು ಶಸ್ತ್ರಚಿಕಿತ್ಸೆಗಾಗಿ ತಾಯ್ನಾಡಿಗೆ ಹಿಂದಿರುಗಿದರು. ಭುಜದ ಧೈರ್ಯವಾದರೋ ಸುಮಾರು ಒಂದು ವರ್ಷದ್ದು. ಮೊದಲನೆಯದಕ್ಕೆ ಚಿತ್ರವಿದೆ, ಸಾಕ್ಷಿಗಳಿದ್ದಾರೆ. ಎರಡನೆಯದಕ್ಕೆ ಸಾಕ್ಷಿ ಅನಂತರದ ವಿಕೆಟ್ಟುಗಳು ಮಾತ್ರ. ನೋವನ್ನು ಮುಚ್ಚಿಟ್ಟು ಆಡುವುದು ಎಲ್ಲ ಕಾಲಕ್ಕೂ ಶೌರ್ಯವಲ್ಲ. ನೋವು ಮಾಯುವವರೆಗೆ ಆಡದೆ ಇರುವುದಕ್ಕೂ ಶೌರ್ಯ ಬೇಕು.

ಹೀಗೆ ಮರಳಿದವರು ಕುಂಬ್ಳೆಯವರೊಬ್ಬರೇ ಅಲ್ಲ. ಮೈಸೂರಿನ ವೇಗದ ಬೌಲರ್ ಜಾವಗಲ್ ಶ್ರೀನಾಥರ ಭುಜಕ್ಕೂ 1997ರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅನಂತರ 1999ರಲ್ಲಿ ಕಲಕತ್ತೆಯಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟಿನಲ್ಲಿ ಅವರು 13 ವಿಕೆಟ್ ಪಡೆದರು. ಮೂವತ್ತಮೂರರ ವಯಸ್ಸಿನಲ್ಲಿ 2003ರ ವಿಶ್ವಕಪ್ಪಿನಲ್ಲಿ ಆಡಿ, ಭಾರತ ಅಂತಿಮ ಪಂದ್ಯವನ್ನು ಮುಟ್ಟಲು ನೆರವಾದರು. ಆದರೆ ಆ ಅಂತಿಮ ಪಂದ್ಯದಲ್ಲಿ ಅವರ ಹತ್ತು ಓವರುಗಳಿಂದ ಆಸ್ಟ್ರೇಲಿಯದವರು 87 ಓಟಗಳನ್ನು ದೋಚಿದರು. ಒಂದು ವಿಕೆಟ್ಟೂ ಸಿಗಲಿಲ್ಲ. ಅದೇ ಅವರ ಕಡೆಯ ಅಂತರರಾಷ್ಟ್ರೀಯ ಪಂದ್ಯ. ತಾಳ್ಮೆ ಕೊಡುವುದು ಅವಕಾಶವನ್ನು, ಗೆಲುವಿನ ಭರವಸೆಯನ್ನಲ್ಲ. ಇದನ್ನು ಅರಿತೇ ದುಡಿಯಬೇಕು.

ಕುಂಬ್ಳೆಯವರಿಗೂ ಆ ಸಂಜೆ ಬಂದಿತು. 2008ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯದ ವಿರುದ್ಧ ಬೆಂಗಳೂರಿನಲ್ಲಿ ನಡೆದ ಟೆಸ್ಟಿನಲ್ಲಿ ಅವರಿಗೆ ಒಂದು ವಿಕೆಟ್ಟೂ ದಕ್ಕಲಿಲ್ಲ. ಭುಜದ ನೋವಿನಿಂದ ಮೊಹಾಲಿಯ ಪಂದ್ಯವನ್ನಾಡಲಿಲ್ಲ. ದೆಹಲಿಯ ಪಂದ್ಯದಲ್ಲಿ ಎಡಗೈಯ ಕಿರುಬೆರಳು ಸೀಳಿ 11 ಹೊಲಿಗೆಗಳು ಬಿದ್ದವು. ಹತ್ತು ವಿಕೆಟ್ಟುಗಳ ಕೀರ್ತಿಯನ್ನು ಕಂಡಿದ್ದ ಅದೇ ಮೈದಾನದಲ್ಲಿ, ನವೆಂಬರ್ 2ರಂದು, ಅವರು ಟೆಸ್ಟ್ ಆಟಕ್ಕೆ ವಿದಾಯ ಹೇಳಿದರು. ತಾಳುವುದನ್ನು ಬಲ್ಲವರಿಗೆ ನಿಲ್ಲಿಸುವ ಹೊತ್ತೂ ತಿಳಿಯುತ್ತದೆ. ಮರುವರ್ಷ ಬೆಂಗಳೂರಿನ ಐಪಿಎಲ್ ತಂಡಕ್ಕಾಗಿ ಆಡಿ, ಕೇಪ್‌ಟೌನಿನ ಪಂದ್ಯವೊಂದರಲ್ಲಿ ಬರಿಯ 5 ಓಟಗಳಿಗೆ 5 ವಿಕೆಟ್ ಪಡೆದಾಗ ಅವರಿಗೆ ಮೂವತ್ತೆಂಟು ವರ್ಷ.

ನಮ್ಮ ಸೀಮೆಯಲ್ಲಿ ಕೊಯ್ಲು ಮುಗಿದ ಗದ್ದೆಗಳಲ್ಲಿ ಹುಡುಗರು ಚೆಂಡೆಸೆಯುತ್ತಾರೆ. ಅಡಕೆ ತೋಟಗಳಲ್ಲಿ ದೊಡ್ಡವರು ದಿನವಿಡೀ ಕೈಯೆತ್ತಿ ದುಡಿಯುತ್ತಾರೆ. ಭುಜ ನೋಯುವುದು ಇಬ್ಬರಿಗೂ ಉಂಟು. ಎರಡು ದಿನ ಎಣ್ಣೆ ಹಚ್ಚಿ, ಮೂರನೆಯ ದಿನ ಅದೇ ಕೆಲಸಕ್ಕೆ ಇಳಿಯುವುದೂ ಉಂಟು. ನೋವೆಂಬುದು ದೇಹವು ಬರೆದ ಕಾಗದ. ಅದನ್ನು ಓದದೆ ಹರಿದೊಗೆಯಬಾರದು. ವೈದ್ಯರಿಗೆ ತೋರಿಸಿ, ಹೇಳಿದಷ್ಟು ಕಾಲ ಕಾದು, ಹೇಳಿದ ವ್ಯಾಯಾಮವನ್ನು ಬಿಡದೆ ಮಾಡಿ, ಹಳೆಯ ಕೆಲಸಕ್ಕೆ ಹೊಸ ರೀತಿಯನ್ನು ಹುಡುಕಿಕೊಳ್ಳಬೇಕು. ತಾಳಿದವನು ಬಾಳಿಯಾನು ಎಂದು ಹಿರಿಯರು ಹೇಳಿದ್ದಾರೆ. ತಾಳುವುದೆಂದರೆ ಕೈಕಟ್ಟಿ ಕುಳಿತಿರುವುದಲ್ಲ, ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಕೈಯನ್ನು ಮೇಲೆತ್ತುವುದು ಎಂಬ ಅರ್ಥವನ್ನು ಕುಂಬ್ಳೆಯವರ ತೋಳು ಆ ಗಾದೆಗೆ ಕೂಡಿಸಿಕೊಟ್ಟಿದೆ.