ಪಾಂಬನ್ ರೈಲು ಸೇತುವೆಯ ದುರಸ್ತಿ: ಕಥನದ ವಿನ್ಯಾಸ ಮತ್ತು ಕಡಲ ತಿಳಿವಳಿಕೆ

ನೀರಿನ ಮೇಲೆ ಮನುಷ್ಯ ಕಟ್ಟಿದ ನಿರ್ಮಿತಿಗಳ ಬಗ್ಗೆ ಜನಪದವು ಮುಖ್ಯವಾಗಿ ಎರಡು ಬಗೆಯಲ್ಲಿ ಮಾತನಾಡಿದೆ. ಒಂದು ಬಲಿಯ ಕಥೆ. ಕನ್ನಡದ ‘ಕೆರೆಗೆ ಹಾರ’ದ ಭಾಗೀರಥಿಯಿಂದ ಬಾಲ್ಕನ್ ಪ್ರದೇಶದ ಸೇತುವೆ ಹಾಡುಗಳವರೆಗೆ ಹಬ್ಬಿರುವ ಈ ಆಶಯದಲ್ಲಿ ಕಟ್ಟಡ ನಿಲ್ಲಬೇಕಾದರೆ ಒಂದು ಜೀವ ಸಲ್ಲಬೇಕು. ಇನ್ನೊಂದು ಸೇವೆಯ ಕಥೆ. ಸೇತುಬಂಧನಕ್ಕೆ ಮರಳು ಹೊತ್ತ ಅಳಿಲು, ರಾಮನ ಬೆರಳು ಸವರಿದ ಗುರುತಾಗಿ ಬೆನ್ನ ಮೇಲೆ ಉಳಿದ ಮೂರು ಗೆರೆ, ಅದರಿಂದ ಹುಟ್ಟಿದ ‘ಅಳಿಲು ಸೇವೆ’ ಎಂಬ ನುಡಿಗಟ್ಟು ಕನ್ನಡಿಗರಿಗೆ ಮನೆಮಾತು. ಇವೆರಡೂ ಕಟ್ಟುವ ಕಥೆಗಳೇ. ಮುರಿದುದನ್ನು ಮತ್ತೆ ನಿಲ್ಲಿಸುವ ಕೆಲಸ ಕಥನಕ್ಕೆ ಅಷ್ಟಾಗಿ ಒದಗಿದ್ದಲ್ಲ. ಈ ಮಾತಿಗೆ ಗಮನಾರ್ಹ ಅಪವಾದವೆಂದರೆ ೧೯೬೪–೬೫ರಲ್ಲಿ ನಡೆದ ಪಾಂಬನ್ ರೈಲು ಸೇತುವೆಯ ದುರಸ್ತಿ. ಅದು ಹೇಗೆ ನಡೆಯಿತು, ಹೇಗೆ ಕಥೆಯಾಯಿತು, ಕಥೆಯಾಗುವಾಗ ಅದರಲ್ಲಿ ಪಾಲ್ಗೊಂಡವರ ತಿಳಿವಳಿಕೆಗೆ ಏನಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತಮಿಳುನಾಡಿನ ಮಂಡಪಂ ತೀರವನ್ನು ರಾಮೇಶ್ವರ ದ್ವೀಪಕ್ಕೆ ಜೋಡಿಸುವ ಈ ಸೇತುವೆ ೧೯೧೪ರ ಫೆಬ್ರವರಿ ೨೪ರಂದು ಸಂಚಾರಕ್ಕೆ ತೆರೆಯಿತು. ಉದ್ದ ಎರಡು ಕಿಲೋಮೀಟರಿಗಿಂತ ತುಸು ಹೆಚ್ಚು. ಸುಮಾರು ೧೨ ಮೀಟರ್ ಅಗಲದ ೧೪೫ ಕಣ್ಣುಗಳು. ನಡುವೆ ಹಡಗುಗಳಿಗೆ ದಾರಿ ಬಿಡಲು ಎರಡು ಹಾಳಿಯಾಗಿ ಮೇಲೇಳುವ, ಶೆರ್ಜರ್ ಮಾದರಿಯ ಒಂದು ಭಾಗ. ಅದನ್ನು ಕೆಲಸಗಾರರು ಸನ್ನೆಕೋಲು ತಿರುಗಿಸಿ ಕೈಬಲದಿಂದಲೇ ಎತ್ತುತ್ತಿದ್ದರು. ಮದರಾಸಿನಿಂದ ಹೊರಟ ರೈಲು ಈ ಸೇತುವೆ ದಾಟಿ ಧನುಷ್ಕೋಟಿಗೆ ಹೋಗುತ್ತಿತ್ತು. ಅಲ್ಲಿಂದ ಪ್ರಯಾಣಿಕರು ಉಗಿಹಡಗು ಹತ್ತಿ ಸಿಂಹಳದ ತಲೈಮನ್ನಾರಿಗೆ ಸಾಗುತ್ತಿದ್ದರು. ಕಾಶಿಯ ಗಂಗೆಯನ್ನು ರಾಮೇಶ್ವರಕ್ಕೂ ಸೇತುವಿನ ಮರಳನ್ನು ಗಂಗೆಗೂ ಒಯ್ಯುವ ಯಾತ್ರಾವಿಧಿಯನ್ನು ಪಾಲಿಸುತ್ತಿದ್ದ ಕನ್ನಡ ನಾಡಿನ ಯಾತ್ರಿಕರಿಗೂ ಇದೇ ಹಾದಿ. ‘ರಾಮೇಶ್ವರಕ್ಕೆ ಹೋದರೂ ಶನೈಶ್ವರನ ಕಾಟ ತಪ್ಪಲಿಲ್ಲ’ ಎಂಬ ಗಾದೆಯಲ್ಲಿ ಆ ಊರು ದೂರದ ಕೊನೆಯ ತುದಿಯಾಗಿಯೇ ಕಾಣಿಸಿಕೊಂಡಿದೆ.

ಸೇತುವೆ ಕಟ್ಟಿದ ಕಥೆಯೊಂದಿಗೆ ಅದನ್ನು ಮುರಿದ ಕಥೆಯನ್ನೂ ಈ ನೆಲ ಉಳಿಸಿಕೊಂಡಿದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಯುದ್ಧ ಮುಗಿದ ಮೇಲೆ ವಿಭೀಷಣನ ಕೋರಿಕೆಯಂತೆ ರಾಮನು ಬಿಲ್ಲಿನ ತುದಿಯಿಂದ ಸೇತುವನ್ನು ಮುರಿದನೆಂದೂ ಅದರಿಂದಲೇ ಧನುಷ್ಕೋಟಿ ಎಂಬ ಹೆಸರು ಬಂದಿತೆಂದೂ ಸ್ಥಳಪುರಾಣ ಹೇಳುತ್ತದೆ.

೧೯೬೪ರ ಡಿಸೆಂಬರ್ ೨೨ರ ರಾತ್ರಿ ಚಂಡಮಾರುತವೊಂದು ಈ ಭಾಗವನ್ನು ಹಾದುಹೋಯಿತು. ಗಾಳಿಯೊಂದಿಗೆ ಎದ್ದ ಕಡಲಿನ ಉಬ್ಬರ ಧನುಷ್ಕೋಟಿಯನ್ನು ಮುಳುಗಿಸಿತು. ಪಾಂಬನ್‌ನಿಂದ ಹೊರಟಿದ್ದ ೬೫೩ನೆಯ ಸಂಖ್ಯೆಯ ಪ್ಯಾಸೆಂಜರ್ ರೈಲು ನಿಲ್ದಾಣ ಸಮೀಪಿಸುವ ಮೊದಲೇ ಅಲೆಗಳಿಗೆ ಸಿಕ್ಕಿ, ಅದರಲ್ಲಿದ್ದ ನೂರಕ್ಕೂ ಹೆಚ್ಚು ಮಂದಿ ಅಸುನೀಗಿದರು. ಸೇತುವೆಯ ನೂರಿಪ್ಪತ್ತಕ್ಕೂ ಹೆಚ್ಚು ಕಣ್ಣುಗಳು ಬರಿದಾದವು. ರಸ್ತೆ ಸೇತುವೆ ಆ ದ್ವೀಪಕ್ಕೆ ಬಂದದ್ದು ೧೯೮೮ರಲ್ಲಿ. ಆದ್ದರಿಂದ ಅಂದು ರೈಲು ಸೇತುವೆ ಹೋಯಿತೆಂದರೆ ದೋಣಿಯ ಹೊರತು ಬೇರೆ ಗತಿಯಿರಲಿಲ್ಲ.

ಈ ಹಾನಿಯ ಸ್ವರೂಪವನ್ನು ಅರಿಯದೆ ದುರಸ್ತಿ ಅರ್ಥವಾಗದು. ನದಿಯ ಸೇತುವೆಗೆ ನೆರೆ ಸಾಮಾನ್ಯವಾಗಿ ಕೆಳಗಿನಿಂದ ಕೇಡು ಮಾಡುತ್ತದೆ. ರಭಸದ ನೀರು ಕಂಬದ ಬುಡದ ಮರಳನ್ನು ಕೊರೆಯುತ್ತದೆ, ಇಲ್ಲವೆ ದಡದ ಏರಿಯನ್ನು ಕೊಚ್ಚುತ್ತದೆ. ಮೇಲೆ ಹಳಿ ನೇರವಾಗಿ ಕಂಡರೂ ಕೆಳಗೆ ಆಧಾರವಿರುವುದಿಲ್ಲ. ೧೯೫೬ರ ನವೆಂಬರಿನಲ್ಲಿ ಅರಿಯಲೂರಿನ ಬಳಿ ಮರುದೈಯಾರು ನದಿಯ ನೆರೆಯಿಂದ ಸಂಭವಿಸಿದ ರೈಲು ದುರಂತ, ಅದರ ಹೊಣೆ ಹೊತ್ತು ರೈಲ್ವೆ ಸಚಿವ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೊಟ್ಟ ರಾಜೀನಾಮೆ ಪ್ರಸಿದ್ಧವಾಗಿವೆ. ಪಾಂಬನ್‌ನಲ್ಲಿ ಆದದ್ದು ಬೇರೆ. ರೈಲ್ವೆಯವರು ಗರ್ಡರ್ ಎನ್ನುವ ಉಕ್ಕಿನ ತೊಲೆಗಳು ಕಂಬಗಳ ಮೇಲೆ ಮುಖ್ಯವಾಗಿ ತಮ್ಮ ಭಾರದಿಂದಲೇ ಕುಳಿತಿರುತ್ತವೆ. ಮೇಲಿನಿಂದ ಬರುವ ರೈಲಿನ ತೂಕವನ್ನು ಅವು ತಾಳುತ್ತವೆ. ಪಕ್ಕದಿಂದಲೂ ಅಡಿಯಿಂದಲೂ ಎತ್ತಿ ನೂಕುವ ಅಲೆಗೆ ಅವು ಸಿದ್ಧವಾಗಿರುವುದಿಲ್ಲ. ಉಬ್ಬರವು ತೊಲೆಗಳನ್ನು ಪೀಠದಿಂದ ಕಳಚಿ ಒಯ್ದಿತು. ಕಂಬಗಳು ಬಹುಮಟ್ಟಿಗೆ ನಿಂತೇ ಇದ್ದವು, ನಡುವಿನ ಎತ್ತುವ ಭಾಗವೂ ಉಳಿದಿತ್ತು. ಹೀಗಾಗಿ ಪ್ರಶ್ನೆ ಹೊಸ ಸೇತುವೆ ಕಟ್ಟುವುದಾಗಿರಲಿಲ್ಲ. ನೂರಾರು ಟನ್ ಉಕ್ಕನ್ನು ಎಲ್ಲಿಂದ ತರುವುದು ಎಂಬುದಾಗಿತ್ತು.

ದುರಸ್ತಿಗೆ ರೈಲ್ವೆ ಇಲಾಖೆ ಆರು ತಿಂಗಳ ಗಡುವು ಇಟ್ಟಿತು. ಮೇಲಧಿಕಾರಿಗಳು ಅದನ್ನು ಮೂರು ತಿಂಗಳಿಗೆ ಇಳಿಸಿದರು. ಕಾಮಗಾರಿಯ ಹೊಣೆ ಹೊತ್ತವರು ಆಗ ೩೨ ವರ್ಷದವರಾಗಿದ್ದ ಇ. ಶ್ರೀಧರನ್, ಮುಂದೆ ಕರ್ನಾಟಕದ ಕರಾವಳಿಯನ್ನು ಹಾದುಹೋಗುವ ಕೊಂಕಣ ರೈಲ್ವೆಯನ್ನು ನಿರ್ಮಿಸಿದವರೂ ಇವರೇ. ಬೇರೆ ಕಡೆಗಳಿಂದ ತೊಲೆಗಳನ್ನು ತರಿಸುವ ಯೋಚನೆ ನಡೆದಿರುವಾಗ, ಕೊಚ್ಚಿಹೋದ ತೊಲೆಗಳು ದೂರದಲ್ಲಿ ಕಡಲ ತಳದಲ್ಲಿ ಬಿದ್ದಿವೆ ಎಂಬ ಸುದ್ದಿ ಮೀನುಗಾರರಿಂದ ಬಂದಿತು. ಅವುಗಳನ್ನೇ ಮೇಲೆತ್ತಿ ತಂದು ಕಂಬಗಳ ಮೇಲೆ ಮರಳಿ ಕೂರಿಸಲಾಯಿತು. ೪೬ ದಿನಗಳಲ್ಲಿ ಸೇತುವೆ ಸಿದ್ಧವಾಯಿತು. ಶ್ರೀಧರನ್ ಅವರಿಗೆ ರೈಲ್ವೆ ಸಚಿವರ ೧,೦೦೦ ರೂಪಾಯಿ ಬಹುಮಾನ ದೊರೆಯಿತು.

ಪತ್ರಿಕೆ, ಜೀವನಚರಿತ್ರೆ, ಭಾಷಣಗಳಲ್ಲಿ ಮತ್ತೆಮತ್ತೆ ಹೇಳಲಾಗುವ ಈ ವೃತ್ತಾಂತದ ಘಟನೆಗಳು ನಿಜವಾದವು. ಆದರೆ ಅದರ ವಿನ್ಯಾಸ ಜನಪದ ಕಥೆಯದು. ರಷ್ಯದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ ೧೯೨೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದ್ಭುತ ಕಥೆಗಳ ಕ್ರಿಯೆಗಳನ್ನು ೩೧ ಎಂದು ಗುರುತಿಸಿದ್ದು ಜಾನಪದ ವಿದ್ಯಾರ್ಥಿಗಳಿಗೆ ಪರಿಚಿತ. ಇಲ್ಲಿಯೂ ಮೊದಲಿಗೆ ಒಂದು ಕೊರತೆ ಉಂಟಾಗುತ್ತದೆ. ಕಠಿಣ ಕಾರ್ಯ ನಾಯಕನ ಪಾಲಿಗೆ ಬರುತ್ತದೆ. ಆರು ತಿಂಗಳು, ಮೂರು ತಿಂಗಳು, ೪೬ ದಿನ ಎಂದು ಅವಧಿ ಮೂರು ಮೆಟ್ಟಿಲಾಗಿ ಇಳಿಯುತ್ತದೆ. ಮೌಖಿಕ ಕಥನಕ್ಕೆ ಮೂರರ ಮೇಲಿನ ಒಲವು ಹೊಸದೇನಲ್ಲ. ದಾರಿ ಮುಚ್ಚಿದಾಗ ದಾನಿಯ ಪಾತ್ರವೊಂದು ಬಂದು ಬೇಕಾದ ವಸ್ತುವಿನ ನೆಲೆ ತಿಳಿಸಿ ಮರೆಯಾಗುತ್ತದೆ. ಕೊನೆಗೆ ಬಹುಮಾನ. ಹೇಳುವವರು ಬದಲಾದಂತೆ ತೊಲೆಗಳಿದ್ದ ದೂರ ಬದಲಾಗುತ್ತದೆ, ಮೀನುಗಾರರು ಒಮ್ಮೆ ಗುಂಪಾಗಿ, ಒಮ್ಮೆ ಒಬ್ಬನೇ ಮುದುಕನಾಗಿ ಬರುತ್ತಾರೆ. ಆದರೆ ೪೬ ಎಂಬ ಸಂಖ್ಯೆ ಮಾತ್ರ ಸಾಮಾನ್ಯವಾಗಿ ಕದಲುವುದಿಲ್ಲ. ಕಥೆಯ ತಿರುಳು ಯಾವುದೆಂದು ಹೇಳುವವರು ಭಾವಿಸಿದ್ದಾರೆ ಎಂಬುದಕ್ಕೆ ಇದೇ ಸಾಕ್ಷಿ.

ದಾನಿ ಹೆಸರಿಲ್ಲದವನಾಗಿರುವುದು ಕಥೆಯ ನಿಯಮ. ಪಂಚತಂತ್ರದ ಇಲಿಗೆ ಹೆಸರಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಆದರೆ ಅದು ಲಿಖಿತ ಪರಂಪರೆಯ ಕೊಡುಗೆ. ನಿಜ ಜೀವನದ ವೃತ್ತಾಂತ ಈ ನಿಯಮಕ್ಕೆ ಒಳಪಟ್ಟಾಗ ಮೀನುಗಾರರ ಮಾತು ಅದೃಷ್ಟವಾಗಿ, ಆಕಸ್ಮಿಕವಾಗಿ ಕಾಣತೊಡಗುತ್ತದೆ. ಅದು ಆಕಸ್ಮಿಕವಲ್ಲ. ಪಾಂಬನ್ ಕಾಲುವೆಯ ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. ಎರಡರ ನಡುವಣ ನೀರಿನ ಸೆಳೆತ ಮಳೆಗಾಳಿಯೊಂದಿಗೆ ದಿಕ್ಕು ಬದಲಿಸುತ್ತದೆ. ಆ ತೀರದ ಮೀನುಗಾರರು ಉತ್ತರದ ಗಾಳಿಯನ್ನು ವಾಡೈ, ಪೂರ್ವದ್ದನ್ನು ಕೊಂಡಲ್, ದಕ್ಷಿಣದ್ದನ್ನು ಚೋಳಗಂ, ಪಶ್ಚಿಮದ್ದನ್ನು ಕಚ್ಚಾನ್ ಎಂದು ಕರೆಯುತ್ತಾರೆ. ಬಲೆ ಬೀಸುವುದು, ದೋಣಿ ಎಳೆಯುವುದು ಎಲ್ಲವೂ ಆ ಹೆಸರುಗಳಿಗೆ ಹೊಂದಿಕೊಂಡಿವೆ. ಮನ್ನಾರ್ ಕೊಲ್ಲಿ ಶತಮಾನಗಳಿಂದ ಮುತ್ತು, ಶಂಖಗಳಿಗಾಗಿ ಉಸಿರು ಬಿಗಿಹಿಡಿದು ಮುಳುಗುವವರ ನೀರು. ಕಡಲ ತಳದಲ್ಲಿ ಎಲ್ಲಿ ಮರಳು, ಎಲ್ಲಿ ಹವಳದ ಬಂಡೆ ಎಂಬುದು ಅವರಿಗೆ ಹೊಲದ ಬದುವಿನಷ್ಟೇ ಪರಿಚಿತ. ಬಲೆ ಹೊಸದಾಗಿ ಎಲ್ಲಿ ಸಿಕ್ಕಿಕೊಂಡಿತು ಎಂಬುದೇ ಅಂಥವರಿಗೆ ಸುದ್ದಿ. ಯಾವುದೇ ಜಾಗವನ್ನು ಮರಳಿ ಹುಡುಕಲು ದಡದ ಗೋಪುರ, ತಾಳೆಮರಗಳನ್ನು ಒಂದರ ಹಿಂದೊಂದು ನೇರವಾಗಿಸಿ ನೋಡುವ ಕ್ರಮ ತಮಿಳು ಕರಾವಳಿಯಲ್ಲಿ ರೂಢಿಯಲ್ಲಿದೆ. ಎಂಜಿನಿಯರರ ಲೆಕ್ಕಾಚಾರಕ್ಕೆ ನಿಂತ ಕಂಬಗಳ ಅಳತೆ ಗೊತ್ತಿತ್ತು; ಹೋದ ತೊಲೆಗಳ ವಿಳಾಸ ಈ ತಿಳಿವಳಿಕೆಯಲ್ಲಿತ್ತು.

ಹೀಗೆಂದ ಮಾತ್ರಕ್ಕೆ ಶ್ರೀಧರನ್ ಅವರ ಸಾಧನೆ ಕಿರಿದಾಗುವುದಿಲ್ಲ. ಮೀನುಗಾರರ ಮಾತನ್ನು ನಂಬಿ, ತಯಾರಾಗಿದ್ದ ಯೋಜನೆಯನ್ನು ಬದಿಗಿಟ್ಟ ತೀರ್ಮಾನವೇ ಆ ಕಾಮಗಾರಿಯ ಅತ್ಯಂತ ದೊಡ್ಡ ತಾಂತ್ರಿಕ ನಿರ್ಧಾರ ಎನ್ನಬೇಕು. ಆಕ್ಷೇಪವಿರುವುದು ಈ ತಿಳಿವಳಿಕೆಯನ್ನು ‘ಅಳಿಲು ಸೇವೆ’ ಎಂದು ಬಣ್ಣಿಸುವ ರೂಢಿಯ ಬಗ್ಗೆ. ಅಳಿಲಿಲ್ಲದಿದ್ದರೂ ಸೇತುಬಂಧನ ಮುಗಿಯುತ್ತಿತ್ತು, ಅದರ ಹಿರಿಮೆಯಿರುವುದು ಭಕ್ತಿಯಲ್ಲಿ. ಪಾಂಬನ್ ಮೀನುಗಾರರಿಲ್ಲದಿದ್ದರೆ ೪೬ ದಿನಗಳ ಲೆಕ್ಕವೇ ಬೇರೆಯಾಗುತ್ತಿತ್ತು. ವೃತ್ತಿ ಜಾನಪದವನ್ನು ಉಪಕರಣಗಳ ಪಟ್ಟಿಗೂ ಹಾಡುಗಳ ಸಂಗ್ರಹಕ್ಕೂ ಸೀಮಿತಗೊಳಿಸಿದ ಅಧ್ಯಯನ ಕ್ರಮದಲ್ಲಿ ಇಂಥ ಜ್ಞಾನಕ್ಕೆ ಸ್ಥಾನವಿರಲಿಲ್ಲ. ಮೊಗವೀರ, ಖಾರ್ವಿ, ಹರಿಕಂತ್ರ ಸಮುದಾಯಗಳನ್ನು ಕುರಿತ ನಮ್ಮ ಕರಾವಳಿಯ ಅಧ್ಯಯನಗಳಿಗೂ ಈ ಮಾತು ಹೊರತಲ್ಲ.

ದುರಸ್ತಿಗೆ ಇನ್ನೊಂದು ಮಗ್ಗುಲಿದೆ. ಪ್ರಚಲಿತ ಕಥನ ಅದನ್ನು ಮುಟ್ಟುವುದೇ ಇಲ್ಲ. ಸೇತುವೆ ಎದ್ದು ನಿಂತಿತು, ರಾಮೇಶ್ವರಕ್ಕೆ ರೈಲು ಮರಳಿತು. ಪಾಂಬನ್‌ನಿಂದ ಧನುಷ್ಕೋಟಿಗೆ ಹೋಗುತ್ತಿದ್ದ ಹಳಿಯನ್ನು ಮಾತ್ರ ಮತ್ತೆ ಹಾಕಲಿಲ್ಲ. ಆ ಊರನ್ನು ವಾಸಕ್ಕೆ ಯೋಗ್ಯವಲ್ಲವೆಂದು ಸರ್ಕಾರ ಘೋಷಿಸಿತು. ಮರಳಿ ಕೂರಿಸಿದ ತೊಲೆಗಳ ಮೇಲೆ ರೈಲು ದಶಕಗಳ ಕಾಲ ಓಡಿತು. ೨೦೦೭ರಲ್ಲಿ ಮಾರ್ಗ ಬ್ರಾಡ್‌ಗೇಜ್ ಆಯಿತು. ೨೦೨೨ರ ಡಿಸೆಂಬರಿನಲ್ಲಿ ಹಳೆಯ ಸೇತುವೆಯ ಮೇಲಿನ ಸಂಚಾರ ನಿಂತಿತು. ನೇರ ಮೇಲೇಳುವ ೭೨.೫ ಮೀಟರ್ ಭಾಗವುಳ್ಳ ಹೊಸ ಸೇತುವೆ ೨೦೨೫ರ ಏಪ್ರಿಲ್ ೬ರಂದು ಉದ್ಘಾಟನೆಯಾಯಿತು. ಅಂದು ರಾಮನವಮಿ. ಧನುಷ್ಕೋಟಿಯಲ್ಲಿ ಚರ್ಚಿನ ಮೊಂಡುಗೋಡೆಗಳೂ ನಿಲ್ದಾಣದ ಅವಶೇಷಗಳೂ ನಿಂತಿವೆ. ಅವುಗಳ ನೆರಳಿಗೆ ಗುಡಿಸಲು ಹಾಕಿಕೊಂಡ ಮೀನುಗಾರ ಕುಟುಂಬಗಳು ಘೋಷಣೆಯ ನಂತರವೂ ಅಲ್ಲಿಯೇ ಬಾಳಿವೆ.